ಒಣ ಕಸದ ಕೇಂದ್ರಗಳ ಜೀರ್ಣೋದ್ಧಾರ

ಬೆಂಗಳೂರಿನ ವಾರ್ಡುಗಳಲ್ಲಿ ಒಣ ಕಸ ಸಂಗ್ರಹ ಕೇಂದ್ರಗಳು ತಲೆಯೆತ್ತಿ ಒಂದು ದಶಕಕ್ಕೂ ಮಿಗಿಲಾದ ಕಾಲ ಸಂದಿತು. ಉದ್ಯಾನದ ಮೂಲೆಯಲ್ಲಿಯೋ, ಮೇಲ್ಸೇತುವೆಯ ಅಡಿಯಲ್ಲಿಯೋ, ರಾಜಕಾಲುವೆಯ ದಂಡೆಯ ಮೇಲೆ ಬೇರಾವ ಉಪಯೋಗಕ್ಕೂ ಒದಗದೆ ಉಳಿದುಹೋದ ಪಾಲಿಕೆಯ ತುಂಡುಭೂಮಿಯಲ್ಲಿಯೋ ತಗಡಿನ ಮಾಡು ಹೊದ್ದು ನಿಂತ ಈ ಕಟ್ಟಡಗಳನ್ನು ದಾರಿಹೋಕರಲ್ಲಿ ಹೆಚ್ಚಿನವರು ಗುಜರಿ ಅಂಗಡಿಯೆಂದೇ ಬಗೆದು ಮುಂದೆ ಸಾಗುತ್ತಾರೆ. ಅವುಗಳಲ್ಲಿ ಹಲವಕ್ಕೆ ಈಗ ವಾರ್ಧಕ್ಯ ಬಂದಿದೆ. ತಗಡು ತೂತುಬಿದ್ದಿದೆ, ನೆಲ ಬಿರಿದಿದೆ, ಬಂದ ಸರಕಿಗೆ ಒಳಗೆ ಎಡೆಯಿಲ್ಲದೆ ಚೀಲಗಳು ಬೀದಿಯವರೆಗೂ ಚಾಚಿಕೊಂಡಿವೆ. ಇವನ್ನು ದುರಸ್ತಿಗೊಳಿಸಬೇಕೆಂಬ ಮಾತು ಒಂದೆಡೆ, ಇವನ್ನೆಲ್ಲ ಕೈಬಿಟ್ಟು ಅಲ್ಲೊಂದು ಇಲ್ಲೊಂದು ದೊಡ್ಡ ವರ್ಗಾವಣೆ ಕೇಂದ್ರವನ್ನು ಕಟ್ಟಿ, ಬಂದ ಕಸವನ್ನು ಯಂತ್ರದಿಂದ ಒತ್ತಿ ಊರಾಚೆಗೆ ಕಳುಹಿಸಿಬಿಡೋಣವೆಂಬ ಮಾತು ಇನ್ನೊಂದೆಡೆ, ಕೆಲವು ಕಾಲದಿಂದ ಕೇಳಿಬರುತ್ತಿವೆ. 2025ರ ಸೆಪ್ಟೆಂಬರ್ ತಿಂಗಳಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಸ್ಥಾನದಲ್ಲಿ ಐದು ನಗರಪಾಲಿಕೆಗಳು ಅಸ್ತಿತ್ವಕ್ಕೆ ಬಂದುದರಿಂದ, ಹಳೆಯ 198 ವಾರ್ಡುಗಳ ಲೆಕ್ಕವನ್ನು ಹಿಡಿದು ಹುಟ್ಟಿದ ಈ ಕೇಂದ್ರಗಳ ಗತಿಯೇನೆಂಬ ಪ್ರಶ್ನೆಗೆ ಇನ್ನು ಉತ್ತರ ಹೇಳದೆ ಗತ್ಯಂತರವಿಲ್ಲ.

ಈ ವಿಷಯದಲ್ಲಿ ನನ್ನ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಮೊದಲೇ ಹೇಳಿಬಿಡುತ್ತೇನೆ. ಹಳೆಯ ಕೇಂದ್ರಗಳು ಸಾಧ್ಯವಾದ ಮಟ್ಟಿಗೂ ಇರುವಲ್ಲಿಯೇ ಉಳಿಯಬೇಕು. ಅವುಗಳ ನವೀಕರಣದ ನಕ್ಷೆ ಯಂತ್ರದಿಂದ ಮೊದಲಾಗದೆ ಅಲ್ಲಿ ಕುಳಿತು ಕಸವನ್ನು ಆಯುವವರ ಕೈಗಳಿಂದ ಮೊದಲಾಗಬೇಕು. ಮತ್ತು ಬೇರ್ಪಡಿಸುವುದಕ್ಕೆ ಮುಂಚೆಯೇ ಕಸವನ್ನು ಒತ್ತಿಬಿಡುವ ಯಾವ ಯೋಜನೆಗೂ ಸಾರ್ವಜನಿಕ ಧನದಿಂದ ಒಂದು ರೂಪಾಯಿಯೂ ಸಲ್ಲಬಾರದು.

ಈ ಕೇಂದ್ರಗಳು ಹೇಗೆ ಹುಟ್ಟಿದುವೆಂಬುದನ್ನು ಮರೆತವರಿಗೆ ಅವುಗಳ ಅವಶ್ಯಕತೆ ತಿಳಿಯುವುದು ಕಷ್ಟ. ನೈರ್ಮಲ್ಯದ ವಿಚಾರದಲ್ಲಿ ಬೆಂಗಳೂರು ಪಾಠ ಕಲಿತದ್ದು ಯಾವಾಗಲೂ ವಿಪತ್ತಿನಿಂದಲೇ. 1898ರಲ್ಲಿ ಪ್ಲೇಗು ಮಾರಿ ಊರನ್ನು ಹೊಕ್ಕು ಪೇಟೆಯ ಇಕ್ಕಟ್ಟಾದ ಕೇರಿಗಳಲ್ಲಿ ಜನರನ್ನು ಆಹುತಿ ತೆಗೆದುಕೊಂಡ ಮೇಲೆ ತಾನೆ ಬಸವನಗುಡಿ, ಮಲ್ಲೇಶ್ವರಗಳು ಅಗಲವಾದ ಬೀದಿಗಳೊಡನೆ ವಿಸ್ತಾರಗೊಂಡು ಬೆಳೆದದ್ದು? ಆದರೆ ವಿಪತ್ತಿಲ್ಲದ ಕಾಲದಲ್ಲಿಯೂ ಈ ಊರು ಕಸದ ವಿಷಯದಲ್ಲಿ ಲೋಕಕ್ಕೆ ಒಂದು ವಿದ್ಯೆಯನ್ನು ಕೊಟ್ಟಿತೆಂಬ ಸಂಗತಿ ಹೆಚ್ಚಿನವರಿಗೆ ತಿಳಿಯದು. 1939ರಲ್ಲಿ ಇಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯರು, ಪಟ್ಟಣದ ಕಸವನ್ನೂ ಮಲವನ್ನೂ ಹೊಂಡಗಳಲ್ಲಿ ಪದರ ಪದರವಾಗಿ ಹರಡಿ, ಮಣ್ಣು ಮುಚ್ಚಿ, ಕೆಲವು ತಿಂಗಳ ಕಾಲ ಕೊಳೆಯಬಿಟ್ಟು ಗೊಬ್ಬರವನ್ನಾಗಿಸುವ ಕ್ರಮವನ್ನು ರೂಪಿಸಿದರು. ಅದು ಇಂದಿಗೂ ದೇಶವಿದೇಶಗಳ ಕೃಷಿಗ್ರಂಥಗಳಲ್ಲಿ ಬೆಂಗಳೂರು ಪದ್ಧತಿಯೆಂದೇ ಪ್ರಸಿದ್ಧವಾಗಿದೆ. ಆ ಪರಂಪರೆಯ ಮುಂದುವರಿಕೆಯೆನ್ನುವಂತೆ 1975ರಲ್ಲಿ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮ ಹುಟ್ಟಿತು. ಕೂಡ್ಲುವಿನ ಬಳಿ ಅದರ ಗೊಬ್ಬರದ ಅಂಗಳವಿದ್ದಾಗ ಸುತ್ತಲೂ ಹೊಲಗದ್ದೆಗಳಿದ್ದುವು. ಹೊಲಗದ್ದೆಗಳ ಜಾಗದಲ್ಲಿ ಬಹುಮಹಡಿ ಮನೆಗಳು ಎದ್ದ ಮೇಲೆ ಅದರ ದುರ್ಗಂಧ ವಿವಾದದ ವಸ್ತುವಾಯಿತು. ಯಾರು ಮೊದಲು ಬಂದರೆಂಬ ಪ್ರಶ್ನೆ ನಮ್ಮ ನಗರಗಳಲ್ಲಿ ಎಂದೂ ನಿರ್ಣಾಯಕವಾಗುವುದಿಲ್ಲ.

ಇಷ್ಟೆಲ್ಲ ವಿದ್ಯೆಯಿದ್ದ ಊರು, ಪ್ಲಾಸ್ಟಿಕ್ಕಿನ ಯುಗ ಬಂದೊಡನೆ, ಎಲ್ಲವನ್ನೂ ಒಂದೇ ಲಾರಿಗೆ ತುಂಬಿ ಹಳ್ಳಿಗಳ ಮಗ್ಗುಲಿಗೆ ಸುರಿಯುವ ಸುಲಭೋಪಾಯವನ್ನು ಹಿಡಿಯಿತು. ಮಾವಳ್ಳಿಪುರದ ಜನರು ತಮ್ಮ ಬಾವಿಯ ನೀರು ಕೆಟ್ಟುದನ್ನು ವರ್ಷಗಟ್ಟಲೆ ಹೇಳಿಕೊಂಡರು. 2012ರಲ್ಲಿ ಅಲ್ಲಿ ಕಸ ಸುರಿಯುವುದು ನಿಂತಾಗ ಬೆಂಗಳೂರಿನ ಬೀದಿಬೀದಿಗಳಲ್ಲಿ ಗುಡ್ಡೆಗಳು ಎದ್ದುವು. ಆಮೇಲೆ ಭಾರವೆಲ್ಲ ಮಂಡೂರಿನ ಮೇಲೆ ಬಿತ್ತು. ಅಲ್ಲಿನವರು ದಾರಿಗೆ ಅಡ್ಡ ನಿಂತು ಹೋರಾಡಿದ ಫಲವಾಗಿ 2014ರ ನವೆಂಬರ್ ಅಂತ್ಯಕ್ಕೆ ಕಸದ ಲಾರಿಗಳನ್ನು ನಿಲ್ಲಿಸುವುದಾಗಿ ಸರಕಾರ ಮಾತು ಕೊಡಬೇಕಾಯಿತು. ಈ ನಡುವೆ ಉಚ್ಚ ನ್ಯಾಯಾಲಯವು ಸಾರ್ವಜನಿಕ ಹಿತದ ಅರ್ಜಿಗಳನ್ನು ವಿಚಾರಣೆಗೆ ಎತ್ತಿಕೊಂಡು, ಕಸವನ್ನು ಮನೆಯಲ್ಲಿಯೇ ವಿಂಗಡಿಸುವುದನ್ನು ಕಡ್ಡಾಯಗೊಳಿಸಿ, ವಾರ್ಡಿನ ಕಸ ವಾರ್ಡಿನಲ್ಲಿಯೇ ವಿಲೇವಾರಿಯಾಗುವ ಏರ್ಪಾಡಿಗೆ ಪಾಲಿಕೆಯನ್ನು ಒತ್ತಾಯಿಸಿತು. 2015ರ ಡಿಸೆಂಬರ್‌ನಲ್ಲಿ ಎರಡು ಡಬ್ಬಿ ಒಂದು ಚೀಲದ ಕ್ರಮವನ್ನು ವಿಧಿಸಿತು. ಹಸಿ ಕಸಕ್ಕೆ ಹಸಿರು ಡಬ್ಬಿ, ಬಳಸಿ ಬಿಸುಟ ಶುಚಿತ್ವದ ಬಟ್ಟೆ ಮುಂತಾದುವಕ್ಕೆ ಕೆಂಪು ಡಬ್ಬಿ, ಒಣ ಕಸಕ್ಕೆ ಚೀಲ. ಆ ಚೀಲ ಹೋಗಿ ಸೇರತಕ್ಕ ಸ್ಥಳವೇ ನಾವು ಹೇಳುತ್ತಿರುವ ಕೇಂದ್ರ. ಆದುದರಿಂದ ಈ ತಗಡಿನ ಮನೆಗಳನ್ನು ಮಾವಳ್ಳಿಪುರ, ಮಂಡೂರುಗಳಿಗೆ ನಗರವು ಸಲ್ಲಿಸುತ್ತಿರುವ ಋಣದ ಕಂತೆಂದು ತಿಳಿಯಬೇಕು. ಕಂತು ಕಟ್ಟುವುದನ್ನು ನಿಲ್ಲಿಸಿದರೆ ಸಾಲಗಾರನ ಮನೆಯ ಮುಂದೆ ಮತ್ತೆ ಜನ ಸೇರುತ್ತಾರೆ.

ಮಂಗಳೂರಿನ ಪಚ್ಚನಾಡಿಯಲ್ಲಿ 2019ರ ಆಗಸ್ಟ್ ತಿಂಗಳ ಮಳೆಗೆ ಕಸದ ಬೆಟ್ಟವೇ ಕುಸಿದು ಮಂದಾರದ ಮನೆಗಳನ್ನೂ ತೆಂಗು ಅಡಕೆಯ ತೋಟಗಳನ್ನೂ ನುಂಗಿದ್ದು ಎಲ್ಲರಿಗೂ ನೆನಪಿರಬೇಕಾದ ಮಾತು. ಬೇರ್ಪಡಿಸದ ಕಸಕ್ಕೆ ಕೊನೆಗೆ ಗತಿ ಅದೊಂದೇ.

ಈಗ ಕೇಂದ್ರದ ಒಳಗೆ ನಡೆಯುವ ಕೆಲಸವನ್ನು ಸ್ವಲ್ಪ ವಿವರವಾಗಿ ನೋಡಬೇಕು. ಏಕೆಂದರೆ ಯೋಜನೆ ಬರೆಯುವವರಲ್ಲಿ ಬಹುಮಂದಿ ಇದನ್ನು ನಿಂತು ನೋಡಿದವರಲ್ಲವೆಂದು ಯೋಜನೆಗಳೇ ಸಾರುತ್ತವೆ. ಬೆಳಗಿನ ಹೊತ್ತು ವಾಹನ ಬಂದು ಚೀಲಗಳನ್ನು ಸುರಿಯುತ್ತದೆ. ಸುತ್ತ ಕುಳಿತವರು, ಹೆಚ್ಚಿನಂಶ ಹೆಂಗಸರು, ಮೊದಲು ದೊಡ್ಡ ವಿಂಗಡಣೆ ಮಾಡುತ್ತಾರೆ: ರಟ್ಟು ಒಂದು ಕಡೆ, ಕಾಗದ ಒಂದು ಕಡೆ, ಬಾಟಲಿ ಒಂದು ಕಡೆ, ಲೋಹ ಒಂದು ಕಡೆ. ಆಮೇಲೆ ಸೂಕ್ಷ್ಮ ವಿಂಗಡಣೆ ಮೊದಲಾಗುತ್ತದೆ. ಬಿಳಿಯ ಕಾಗದ ಬೇರೆ, ವೃತ್ತಪತ್ರಿಕೆ ಬೇರೆ, ಪುಸ್ತಕ ಬೇರೆ. ಹಾಲಿನ ಕವರು ಬೇರೆ, ದಿನಸಿಯ ತೆಳುಚೀಲ ಬೇರೆ. ನೀರಿನ ಬಾಟಲಿ ಒಂದು ಜಾತಿ, ಅದರ ಮುಚ್ಚಳ ಇನ್ನೊಂದು ಜಾತಿ, ಶಾಂಪೂ ಡಬ್ಬಿ ಮತ್ತೊಂದು ಜಾತಿ. ಒಂದು ತುಂಡು ಪ್ಲಾಸ್ಟಿಕ್ಕನ್ನು ಬೆರಳಿನಿಂದ ಬಾಗಿಸಿ, ಅದು ಬಾಗುವ ರೀತಿಯಿಂದಲೂ ಹೊರಡಿಸುವ ಸದ್ದಿನಿಂದಲೂ ಅದರ ಕುಲಗೋತ್ರವನ್ನು ಕ್ಷಣಮಾತ್ರದಲ್ಲಿ ಹೇಳಿಬಿಡುವ ಕೌಶಲ ಯಾವ ಪಾಠಶಾಲೆಯಲ್ಲಿಯೂ ಕಲಿಸಿದ್ದಲ್ಲ. ಹೀಗೆ ಬೇರೆಬೇರೆಯಾದ ಸರಕು ನಾಯಂಡಹಳ್ಳಿಯ ಪ್ಲಾಸ್ಟಿಕ್ ಕಾರ್ಖಾನೆಗಳಿಗೆ, ಜಾಲಿ ಮೊಹಲ್ಲಾದ ಗುಜರಿ ವ್ಯಾಪಾರಿಗಳಿಗೆ, ಕಾಗದದ ಗಿರಣಿಗಳಿಗೆ ಹೋಗುತ್ತದೆ. ಯಾರೂ ಕೊಳ್ಳದ ಬಿಸ್ಕತ್ತು ಪೊಟ್ಟಣ, ಚಿಪ್ಸ್ ಪೊಟ್ಟಣ ಮುಂತಾದ ಬಹುಪದರದ ಪ್ಲಾಸ್ಟಿಕ್ಕನ್ನು ಕಟ್ಟಿ ಸಿಮೆಂಟ್ ಕಾರ್ಖಾನೆಗಳ ಕುಲುಮೆಗೆ ಕಳುಹಿಸುವುದುಂಟು. ಬೆರಕೆಯಾದಾಗ ಬೆಲೆಯಿಲ್ಲದ್ದು ಬೇರ್ಪಟ್ಟಾಗ ಬೆಲೆ ಪಡೆಯುತ್ತದೆ. ಈ ಕೇಂದ್ರಗಳ ಅರ್ಥಶಾಸ್ತ್ರವೆಲ್ಲ ಅಷ್ಟೆ.

ಈ ಕೆಲಸವನ್ನು ಮಾಡುವವರು ಯಾರು? ನಗರವು ಇವರನ್ನು ಬಹುಕಾಲ ಚಿಂದಿ ಆಯುವವರೆಂದು ಕರೆದು, ಪೊಲೀಸರ ಲಾಠಿಗೂ ನಾಯಿಗಳ ಬಾಯಿಗೂ ಬಿಟ್ಟಿತ್ತು. 2011ರಿಂದ ಮೊದಲುಗೊಂಡು ಪಾಲಿಕೆಯೇ ಇವರಿಗೆ ಗುರುತಿನ ಚೀಟಿ ಕೊಟ್ಟುದು ಈ ದೇಶದ ಪೌರಾಡಳಿತದ ಚರಿತ್ರೆಯಲ್ಲಿ ಸಣ್ಣ ಸಂಗತಿಯಲ್ಲ. ಹಸಿರು ದಳದಂತಹ ಸಂಸ್ಥೆಗಳ ಬೆಂಬಲದಿಂದ ಇವರಲ್ಲಿ ಹಲವರು ಕೇಂದ್ರಗಳನ್ನು ತಾವೇ ನಡೆಸುವ ಯಜಮಾನರಾದರು. ಬೀದಿಯಲ್ಲಿ ಆಯುತ್ತಿದ್ದವರು ಲೆಕ್ಕದ ಪುಸ್ತಕ ಬರೆದರು, ನಾಲ್ಕು ಜನಕ್ಕೆ ಕೂಲಿ ಕೊಟ್ಟರು, ಮಕ್ಕಳನ್ನು ಶಾಲೆಗೆ ಕಳುಹಿಸಿದರು. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಕೂಡ ಸ್ಥಳೀಯ ಸಂಸ್ಥೆಗಳು ವಿಂಗಡಣೆಗೆ ಸಾಕಷ್ಟು ಸ್ಥಳಾವಕಾಶವುಳ್ಳ ಕೇಂದ್ರಗಳನ್ನು ಸ್ಥಾಪಿಸಿ, ಆಯುವವರು ಅಲ್ಲಿ ಕೆಲಸ ಮಾಡಲು ಅನುವು ಮಾಡಿಕೊಡತಕ್ಕದ್ದೆಂದು ವಿಧಿಸಿದುವು. ಸಾಕಷ್ಟು ಸ್ಥಳಾವಕಾಶವೆಂಬ ಈ ಮಾತಿನ ಮುಂದೆ ನಮ್ಮ ತಗಡಿನ ಮನೆಗಳನ್ನು ನಿಲ್ಲಿಸಿ ನೋಡಿದರೆ ನಾಚಿಕೆಯಾಗುತ್ತದೆ.

ಕಟ್ಟಿದ ಕಾಲದಲ್ಲಿ ಇವು ಇಷ್ಟು ಸರಕನ್ನು ನಿರೀಕ್ಷಿಸಿರಲಿಲ್ಲ. ಮನೆಬಾಗಿಲಿಗೆ ರಟ್ಟಿನ ಪೆಟ್ಟಿಗೆಯಲ್ಲಿ ಉಪ್ಪಿನಿಂದ ಕರ್ಪೂರದವರೆಗೆ ಬಂದಿಳಿಯುವ ಕಾಲ ಇನ್ನೂ ಪೂರ್ಣವಾಗಿ ಬಂದಿರಲಿಲ್ಲ. ಊಟವೇ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮನೆಗೆ ಬರುವುದೆಂದು ಯಾರೂ ಎಣಿಸಿರಲಿಲ್ಲ. ಈಗ ಮಾಡಿನ ಕೆಳಗೆ ಬೇರ್ಪಡಿಸಿದ ಸರಕಿಗೂ ಬೇರ್ಪಡಿಸಬೇಕಾದ ಸರಕಿಗೂ ನಡುವೆ ಅಂತರವಿಲ್ಲ. ಮಳೆಗೆ ನೆನೆದ ರಟ್ಟನ್ನು ವ್ಯಾಪಾರಿ ತೂಕ ಕಳೆದು ಕೊಳ್ಳುತ್ತಾನೆ, ಇಲ್ಲವೆ ಕೊಳ್ಳುವುದೇ ಇಲ್ಲ. ಆ ನಷ್ಟ ತೂತುಬಿದ್ದ ತಗಡನ್ನು ಹೊದಿಸಿದ ಇಲಾಖೆಯದಲ್ಲ, ಅದರ ಕೆಳಗೆ ದುಡಿದವಳದು. ಎಷ್ಟೋ ಕೇಂದ್ರಗಳಲ್ಲಿ ವಿದ್ಯುತ್ತು ಸರಿಯಾಗಿಲ್ಲ, ಶೌಚಾಲಯವಿಲ್ಲ, ಕೈ ತೊಳೆಯಲು ನೀರಿಲ್ಲ. ದಿನವೆಲ್ಲ ಊರಿನ ಕಶ್ಮಲವನ್ನು ಮುಟ್ಟಿದ ಕೈಯಿಂದಲೇ ಬುತ್ತಿ ಬಿಚ್ಚಬೇಕಾದ ದುರವಸ್ಥೆಯನ್ನು ಕಂಡೂ ಯಂತ್ರದ ಅಶ್ವಶಕ್ತಿಯ ಬಗೆಗೆ ಚರ್ಚಿಸುವವರ ಮನೋಧರ್ಮ ನನಗೆ ಅರ್ಥವಾಗುವುದಿಲ್ಲ.

ಇಲ್ಲಿ ಮುಖ್ಯವಾದ ವಿವಾದಕ್ಕೆ ಬರುತ್ತೇನೆ. ವರ್ಗಾವಣೆ ಕೇಂದ್ರವೆಂಬುದರ ಉದ್ದೇಶ ಸರಳವಾದುದು: ಗಲ್ಲಿಗಳಲ್ಲಿ ತಿರುಗುವ ಸಣ್ಣ ಆಟೋ ಟಿಪ್ಪರುಗಳು ತಮ್ಮ ಕಸವನ್ನು ಒಂದೆಡೆ ಇಳಿಸಿ ಮತ್ತೆ ಗಲ್ಲಿಗೆ ಮರಳಬೇಕು, ಅಲ್ಲಿಂದ ಒಂದು ದೊಡ್ಡ ವಾಹನ ಹಲವು ಟಿಪ್ಪರುಗಳ ಹೊರೆಯನ್ನು ದೂರದ ಘಟಕಕ್ಕೆ ಒಯ್ಯಬೇಕು. ದಿನವೊಂದಕ್ಕೆ 4,000 ಟನ್ನಿಗೂ ಮೀರಿ ಕಸವನ್ನು ಉತ್ಪಾದಿಸುವ ಊರಿಗೆ ಇಂತಹ ಏರ್ಪಾಡು ಬೇಕೇ ಬೇಕು. ಅದಿಲ್ಲದ ಕಡೆ ಟಿಪ್ಪರಿನಿಂದ ಕಾಂಪ್ಯಾಕ್ಟರ್ ಲಾರಿಗೆ ಕಸ ದಾಟುವುದು ನಡುಬೀದಿಯಲ್ಲಿ. ಒತ್ತಿದಾಗ ಸುರಿಯುವ ಕಸದ ರಸ ರಸ್ತೆಯುದ್ದಕ್ಕೂ ಗೆರೆ ಎಳೆಯುತ್ತದೆ, ಅದರ ಮೇಲೆ ಜಾರಿದ ದ್ವಿಚಕ್ರ ಸವಾರರು ಪಾಲಿಕೆಯನ್ನು ಶಪಿಸುತ್ತಾರೆ. ಆದುದರಿಂದ ಮಾಡು, ಚರಂಡಿ, ರಸ ಹಿಡಿಯುವ ತೊಟ್ಟಿ ಇವುಗಳಿಂದ ಕೂಡಿದ ಮುಚ್ಚಿದ ವರ್ಗಾವಣೆ ಕೇಂದ್ರ ಬೇಡವೆಂದು ನಾನು ಹೇಳುವುದಿಲ್ಲ. ಆಕ್ಷೇಪವಿರುವುದು ಕ್ರಮದಲ್ಲಿ. ಬೆರಕೆ ಕಸವನ್ನು ಯಂತ್ರದಲ್ಲಿ ಒತ್ತಿದ ಕ್ಷಣದಿಂದ ಅದರಲ್ಲಿದ್ದ ಕಾಗದಕ್ಕೆ ಅನ್ನದ ಗಂಜಿ ಹತ್ತುತ್ತದೆ, ಗಾಜು ಒಡೆದು ಎಲ್ಲದರಲ್ಲಿಯೂ ನಾಟಿಕೊಳ್ಳುತ್ತದೆ, ಪ್ಲಾಸ್ಟಿಕ್ಕು ಹಸಿ ಕಸದೊಡನೆ ಹೊಸೆದುಹೋಗುತ್ತದೆ. ಆಮೇಲೆ ಅದನ್ನು ಮನುಷ್ಯನ ಕೈಯಾಗಲಿ ವಿದೇಶದಿಂದ ತರಿಸಿದ ಯಂತ್ರವಾಗಲಿ ಮೊದಲಿನಂತೆ ಬೇರ್ಪಡಿಸಲಾರದು. ಅದರಿಂದ ಗೊಬ್ಬರ ಮಾಡಿದರೆ ಗಾಜಿನ ಚೂರಿನ ಭಯಕ್ಕೆ ರೈತ ಮುಟ್ಟುವುದಿಲ್ಲ; ಉರಿಸಹೋದರೆ ಅಡುಗೆಮನೆಯ ತೇವ ಬೆಂಕಿಯನ್ನು ಆರಿಸುತ್ತದೆ. ನಮ್ಮ ಊರುಗಳ ಕಸದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಹಸಿಯದೇ ಆಗಿರುವುದರಿಂದ ಈ ತೊಡಕು ನಮಗೆ ಪಾಶ್ಚಾತ್ಯ ನಗರಗಳಿಗಿಂತ ಹೆಚ್ಚು ಗಹನವಾದುದು. ಇನ್ನೊಂದು ಅಪಾಯವೂ ಈಚೆಗೆ ಸೇರಿಕೊಂಡಿದೆ: ಮೊಬೈಲು, ಆಟಿಕೆ, ಪವರ್‌ಬ್ಯಾಂಕುಗಳಲ್ಲಿರುವ ಲಿಥಿಯಂ ಬ್ಯಾಟರಿಯನ್ನು ಒತ್ತಿದರೆ ಅದು ತಾನಾಗಿಯೇ ಹೊತ್ತಿಕೊಳ್ಳಬಹುದು.

ಇಂದೋರಿನ ಹೆಸರನ್ನು ಇಂತಹ ಸಂದರ್ಭದಲ್ಲಿ ಎಲ್ಲರೂ ಎತ್ತುತ್ತಾರೆ. ಅಲ್ಲಿಯೂ ವರ್ಗಾವಣೆ ಕೇಂದ್ರಗಳಿವೆ, ಅಲ್ಲಿಯೂ ಒತ್ತುವ ಯಂತ್ರಗಳಿವೆ. ಆದರೆ ಆ ಕೇಂದ್ರಗಳಲ್ಲಿ ಹಸಿ ಕಸಕ್ಕೊಂದು, ಒಣ ಕಸಕ್ಕೊಂದು ಬೇರೆಬೇರೆ ಬಾಯಿಗಳಿವೆ, ಬೇರೆಬೇರೆ ಪೆಟ್ಟಿಗೆಗಳಿವೆ. ಮನೆಯ ಬಾಗಿಲಿನಿಂದ ಕೊನೆಯ ಘಟಕದವರೆಗೆ ಎರಡೂ ಎಲ್ಲಿಯೂ ಸಂಧಿಸವು. ಇಂದೋರಿನಿಂದ ಯಂತ್ರವನ್ನು ತಂದು ಈ ಶಿಸ್ತನ್ನು ಅಲ್ಲಿಯೇ ಬಿಟ್ಟು ಬಂದರೆ ಪ್ರಯೋಜನವೇನು? ಅಷ್ಟು ದೂರ ಹೋಗುವುದೂ ಬೇಡ. ಮೈಸೂರಿನ ಕುಂಬಾರಕೊಪ್ಪಲಿನ ಶೂನ್ಯತ್ಯಾಜ್ಯ ಘಟಕದಲ್ಲಿ ಮೊದಲು ಆರಿಸಿ, ಆಮೇಲೆ ಹಸಿಯನ್ನು ಗೊಬ್ಬರಕ್ಕೂ ಒಣವನ್ನು ಮಾರಾಟಕ್ಕೂ ಒಯ್ಯುವ ಕ್ರಮ ವರ್ಷಗಳಿಂದ ನಡೆದುಬಂದಿದೆ; ಅದು ಅಂಥ ದೊಡ್ಡ ಯಂತ್ರದ ಮಹಿಮೆಯೇನೂ ಅಲ್ಲ.

ಹಾಗಾದರೆ ನವೀಕರಣದ ನಕ್ಷೆಯಲ್ಲಿ ಏನಿರಬೇಕು? ನಾನು ನೆಲದಿಂದ ಮೊದಲುಮಾಡುತ್ತೇನೆ, ಏಕೆಂದರೆ ನಮ್ಮ ಅಂದಾಜುಪಟ್ಟಿಗಳಲ್ಲಿ ನೆಲಕ್ಕೆ ಯಾವಾಗಲೂ ಕೊನೆಯ ಸ್ಥಾನ. ಬಿರಿದ ನೆಲದ ಸಂದಿಯಲ್ಲಿ ರಸ ಇಂಗುತ್ತದೆ, ಅಲ್ಲಿ ನೊಣ ಹುಟ್ಟುತ್ತದೆ, ಅಲ್ಲಿಂದ ವಾಸನೆ ಏಳುತ್ತದೆ, ವಾಸನೆಯಿಂದ ನೆರೆಹೊರೆಯವರ ದೂರು ಏಳುತ್ತದೆ, ದೂರಿನಿಂದ ಕೇಂದ್ರವೇ ಎತ್ತಂಗಡಿಯಾಗುತ್ತದೆ. ಗಟ್ಟಿಯಾದ, ನುಣುಪಾದ, ಒಂದು ಕಡೆಗೆ ಇಳಿಜಾರಾದ ನೆಲ. ಆ ಇಳಿಜಾರಿನ ಕೊನೆಯಲ್ಲಿ ಜಾಲರಿ ಮುಚ್ಚಿದ ಚರಂಡಿ. ಚರಂಡಿಯ ಕೊನೆಯಲ್ಲಿ ಮಳೆನೀರಿನ ಕಾಲುವೆಗೆ ಸೇರದ, ಪ್ರತ್ಯೇಕವಾಗಿ ಬರಿದುಮಾಡಬಹುದಾದ ತೊಟ್ಟಿ: ಇಷ್ಟನ್ನು ಮಾಡಿದವನು ಅರ್ಧ ಕೆಲಸವನ್ನು ಮುಗಿಸಿದಂತೆ. ಅನಂತರ ಆಯುವ ಮೇಜು. ಈಗ ನೆಲದ ಮೇಲೆ ಕುಕ್ಕುರುಗಾಲಿನಲ್ಲಿ ಕುಳಿತು, ಬೆನ್ನು ಬಾಗಿಸಿ, ಗುಡ್ಡೆಯೊಳಗೆ ಕೈಯಿಟ್ಟು ಮಾಡುವ ಕೆಲಸವನ್ನು ಸೊಂಟದೆತ್ತರದ ಮೇಜಿನ ಮೇಲೆ, ಎರಡು ಕಡೆಯಿಂದಲೂ ನಿಂತು ಮಾಡುವಂತಾದರೆ ಗಾಜು ತಾಗುವುದು ಕಡಿಮೆಯಾಗುತ್ತದೆ, ಬೆನ್ನು ಉಳಿಯುತ್ತದೆ, ವಿಂಗಡಣೆಯೂ ಶುದ್ಧವಾಗುತ್ತದೆ. ಮೇಜಿನ ಮೇಲೆ ಸಾಕಷ್ಟು ಬೆಳಕು ಬೇಕು. ಬಿಳಿಯ ಕಾಗದವನ್ನೂ ಮಾಸಿದ ಕಾಗದವನ್ನೂ ಮಬ್ಬಿನಲ್ಲಿ ಬೇರ್ಪಡಿಸೆಂದು ಹೇಳುವುದು ಅನ್ಯಾಯ. ದೊಡ್ಡ ಕೇಂದ್ರವಾದರೆ ಚಲಿಸುವ ಪಟ್ಟಿಯ ಯಂತ್ರವನ್ನು ಇಡಬಹುದು, ಆದರೆ ಪಟ್ಟಿ ಓಡುವ ವೇಗವನ್ನು ಅದರ ಮುಂದೆ ನಿಂತವರೇ ನಿಯಮಿಸುವಂತಿರಬೇಕು.

ಒಳಬರುವ ಸರಕಿಗೂ ಹೊರಹೋಗುವ ಸರಕಿಗೂ ಬೇರೆ ಬಾಗಿಲುಗಳಿರಬೇಕು, ವಾಹನ ಬೀದಿಗೆ ಹಿಮ್ಮುಖವಾಗಿ ಬಾರದೆ ಒಳಗೇ ತಿರುಗುವಂತಿರಬೇಕು. ಒತ್ತಿ ಕಟ್ಟುವ ಯಂತ್ರಕ್ಕೆ ಇಲ್ಲಿ ಸ್ಥಾನವುಂಟು, ಅದೂ ಗೌರವದ ಸ್ಥಾನ. ಬೇರ್ಪಡಿಸಿದ ರಟ್ಟನ್ನೂ ಪ್ಲಾಸ್ಟಿಕ್ಕನ್ನೂ ಒತ್ತಿ ಮೂಟೆಗಳನ್ನಾಗಿ ಕಟ್ಟಿದರೆ ಅದೇ ಮಾಡಿನ ಕೆಳಗೆ ಹಲವು ಪಟ್ಟು ಸರಕು ನಿಲ್ಲುತ್ತದೆ, ಲಾರಿಯ ಬಾಡಿಗೆ ಉಳಿಯುತ್ತದೆ, ದಲ್ಲಾಳಿಗೆ ತಲೆಬಾಗದೆ ನೇರವಾಗಿ ಕಾರ್ಖಾನೆಗೆ ಮಾರುವ ಸಾಮರ್ಥ್ಯ ಬರುತ್ತದೆ. ಮೂಟೆಗಳ ನಡುವೆ ಬೆಂಕಿ ದಾಟದಷ್ಟು ಅಗಲದ ಓಣಿಗಳಿರಬೇಕು, ನೀರಿನ ಸಂಪರ್ಕವಿರಬೇಕು, ಬ್ಯಾಟರಿಗಳಿಗೂ ಟ್ಯೂಬ್‌ಲೈಟುಗಳಿಗೂ ಔಷಧದ ಉಳಿಕೆಗಳಿಗೂ ಕಟ್ಟಡದಿಂದ ಹೊರಗೆ ಬೀಗ ಹಾಕುವ ಸಣ್ಣ ಕೋಣೆಯೊಂದಿರಬೇಕು. ಶೌಚಾಲಯ, ಸ್ನಾನದ ನೀರು, ಬಟ್ಟೆ ಬದಲಿಸಲು ಮರೆ, ಉಣ್ಣಲು ಕಸದಿಂದ ದೂರವಾದ ಜಗಲಿ ಇವು ಸೌಕರ್ಯಗಳಲ್ಲ, ಕಟ್ಟಡದ ಅಂಗಗಳೇ; ಹಣ ಸಾಲದಾದಾಗ ಮೊದಲು ಹೊಡೆದುಹಾಕುವ ಬಾಬುಗಳ ಪಟ್ಟಿಯಲ್ಲಿ ಇವನ್ನು ಸೇರಿಸುವ ರೂಢಿಯನ್ನು ಬಿಡಬೇಕು. ಪೌರಕಾರ್ಮಿಕರ ಬಾಳಿನ ಬಗೆಗೆ ಐ.ಪಿ.ಡಿ. ಸಾಲಪ್ಪನವರ ವರದಿ ಬಂದು ಅರ್ಧ ಶತಮಾನವೇ ಆಗುತ್ತ ಬಂದರೂ ಇಂತಹ ಮಾತುಗಳನ್ನು ಇನ್ನೂ ಬರೆಯಬೇಕಾಗಿದೆ.

ಇನ್ನು ಅಳತೆಯ ವಿಚಾರ. ಸರಾಸರಿ ದಿನದ ಕಸಕ್ಕೆ ತಕ್ಕಂತೆ ಕೇಂದ್ರವನ್ನು ಕಟ್ಟುವುದು ಎಂಜಿನಿಯರುಗಳ ಸಾಮಾನ್ಯ ಕ್ರಮ. ಆದರೆ ಬೆಂಗಳೂರಿಗೆ ಸರಾಸರಿ ದಿನವೆಂಬುದೇ ಇಲ್ಲ. ಆಯುಧಪೂಜೆಯ ಮರುದಿನ ಬಾಳೆಕಂದು, ಮಾವಿನ ಸೊಪ್ಪು, ಒಡೆದ ಬೂದುಗುಂಬಳಗಳು ಊರನ್ನೇ ಮುಚ್ಚುತ್ತವೆ. ಟಿಪ್ಪರುಗಳು ಅವನ್ನು ಹೊರುವುದರಲ್ಲಿ ತೊಡಗಿ ಒಣ ಕಸವನ್ನು ಮರೆಯುತ್ತವೆ. ಮರೆತ ಒಣ ಕಸವೆಲ್ಲ ಎರಡು ಮೂರು ದಿನಗಳ ಮೇಲೆ ಒಮ್ಮೆಲೇ ಕೇಂದ್ರದ ಬಾಗಿಲಿಗೆ ಬರುತ್ತದೆ. ದೀಪಾವಳಿಯ ಅನಂತರ ಪಟಾಕಿಯ ರಟ್ಟು, ಹಬ್ಬದ ಮಾರಾಟದ ಪೆಟ್ಟಿಗೆ. ಜೂನಿನಲ್ಲಿ ಶಾಲೆ ತೆರೆಯುವ ಮುನ್ನ ಹಳೆಯ ನೋಟುಪುಸ್ತಕ. ಲಾರಿಯವರು ಮುಷ್ಕರ ಹೂಡಿದರಂತೂ ಹೊರಹೋಗುವ ದಾರಿಯೇ ಮುಚ್ಚುತ್ತದೆ. ಪಂಚಾಂಗವನ್ನು ಮುಂದಿಟ್ಟುಕೊಳ್ಳದೆ ಕಸದ ಕೇಂದ್ರದ ಅಳತೆಯನ್ನು ಗೊತ್ತುಮಾಡುವ ಎಂಜಿನಿಯರು ಎಷ್ಟೇ ವಿದ್ಯಾವಂತನಾಗಿರಲಿ, ವಿಜಯದಶಮಿಯಂದು ಸೋಲುತ್ತಾನೆ.

ನೆರೆಹೊರೆಯವರ ಆಕ್ಷೇಪಕ್ಕೂ ಉತ್ತರ ಹೇಳಬೇಕು. ಅವರ ಮಾತನ್ನು ಸ್ವಾರ್ಥವೆಂದು ತಳ್ಳಿಹಾಕುವುದು ಸರಿಯಲ್ಲ. ಮನೆಯ ಮುಂದೆ ದುರ್ನಾತ ಬೇಡವೆನ್ನುವುದು ಯಾರಿಗಾದರೂ ಸಹಜ. ಆದರೆ ನಾರಬೇಕಾದದ್ದು ಒಣ ಕಸವಲ್ಲ. ಒಣ ಕಸ ನಾರುತ್ತಿದೆಯೆಂದರೆ ಅದರಲ್ಲಿ ಹಸಿ ಬೆರೆತಿದೆಯೆಂದು ಅರ್ಥ, ಬೆರೆಸಿದವರು ಬಹುಶಃ ಅದೇ ಬೀದಿಯವರು. ನೆರೆಯವರು ಕೇಳತಕ್ಕ ನ್ಯಾಯವಾದ ಬೇಡಿಕೆಗಳುಂಟು: ವಾಹನಗಳು ಇಂತಿಷ್ಟೇ ಹೊತ್ತಿನಲ್ಲಿ ಬರಬೇಕು, ರಾತ್ರಿ ಯಂತ್ರ ಓಡಿಸಬಾರದು, ಸರಕು ಬೀದಿಗೆ ಚಾಚಬಾರದು, ಯಾವ ಕಾರಣಕ್ಕೂ ಕಸ ಸುಡಬಾರದು, ಸುತ್ತ ಗಿಡಮರಗಳ ಬೇಲಿ ಇರಬೇಕು. ಇವನ್ನು ಬರೆದು ಬಾಗಿಲಿನಲ್ಲಿ ಕಟ್ಟಬೇಕು, ಮೀರಿದರೆ ಯಾರಿಗೆ ದೂರಬೇಕೆಂಬುದನ್ನೂ ಬರೆಯಬೇಕು. ಕೇಂದ್ರವನ್ನೇ ಬೇರೆಡೆಗೆ ಒಯ್ಯಿರೆಂಬ ಬೇಡಿಕೆಯನ್ನು ಮಾತ್ರ ಒಪ್ಪಲಾಗದು. ಪ್ರತಿಯೊಂದು ಬಡಾವಣೆಯೂ ತನ್ನ ಚೀಲವನ್ನು ಮುಂದಿನ ಬಡಾವಣೆಗೆ ದಾಟಿಸುತ್ತ ಹೋದರೆ ಅದು ಕೊನೆಗೆ ನಿಲ್ಲುವುದು, ಧ್ವನಿಯಿಲ್ಲದ ಯಾವುದೋ ಹಳ್ಳಿಯ ಕೆರೆಯಂಗಳದಲ್ಲಿ.

ಹಣದ ಪ್ರಶ್ನೆಯಲ್ಲಿ ನಮ್ಮ ಆಡಳಿತಕ್ಕೆ ಒಂದು ಹಳೆಯ ವ್ಯಾಧಿಯಿದೆ. ಕಟ್ಟುವುದಕ್ಕೆ ಹಣ ಸಿಗುತ್ತದೆ, ಕಲ್ಲಿನ ಮೇಲೆ ಹೆಸರು ಕೆತ್ತಿಸುವುದಕ್ಕೆ ಹಣ ಸಿಗುತ್ತದೆ, ನಡೆಸುವುದಕ್ಕೆ ಸಿಗುವುದಿಲ್ಲ. ಒಣ ಕಸದ ಕೇಂದ್ರ ಮಾರಾಟದಿಂದಲೇ ಬದುಕಬೇಕೆಂಬುದು ಭ್ರಮೆ. ಕಚ್ಚಾ ತೈಲದ ಬೆಲೆ ಬಿದ್ದರೆ ಹೊಸ ಪ್ಲಾಸ್ಟಿಕ್ಕೇ ಅಗ್ಗವಾಗಿ ಹಳೆಯದನ್ನು ಕೇಳುವವರಿಲ್ಲ. ಗಾಜಿಗೆ ಸಾಗಣೆಯ ಖರ್ಚೂ ಹುಟ್ಟುವುದಿಲ್ಲ. ಬಹುಪದರದ ಪೊಟ್ಟಣ, ಹಳೆಯ ಚಪ್ಪಲಿ, ಹರಿದ ಹಾಸಿಗೆ ಇವನ್ನು ಆರಿಸಿ ಕಳುಹಿಸುವುದು ಶುದ್ಧ ವೆಚ್ಚ. ಈ ಬೆಲೆಯಿಲ್ಲದ ಸರಕನ್ನು ಬೆಟ್ಟದ ಪಾಲಾಗದಂತೆ ತಡೆಯುವುದೇ ಕೇಂದ್ರವು ನಗರಕ್ಕೆ ಮಾಡುವ ಪರಮೋಪಕಾರ. ಆ ಉಪಕಾರಕ್ಕೆ ತೂಕದ ಲೆಕ್ಕದಲ್ಲಿ, ತಿಂಗಳು ತಪ್ಪದೆ, ಸಂಭಾವನೆ ಸಲ್ಲಬೇಕು. 2022ರ ಫೆಬ್ರವರಿಯಲ್ಲಿ ಹೊರಟ ಕೇಂದ್ರ ಸರಕಾರದ ನಿಯಮಾವಳಿಯಂತೆ ಪ್ಲಾಸ್ಟಿಕ್ ಪೊಟ್ಟಣದ ಉತ್ಪಾದಕರು ತಾವು ಮಾರುಕಟ್ಟೆಗೆ ಬಿಟ್ಟದ್ದನ್ನು ಮರಳಿ ಸಂಗ್ರಹಿಸಿ ವಿಲೇವಾರಿ ಮಾಡುವ ಹೊಣೆ ಹೊರಬೇಕು. ಆ ಹೊಣೆಯ ಹಣ ಕಾಗದದ ಪ್ರಮಾಣಪತ್ರಗಳ ವ್ಯಾಪಾರದಲ್ಲಿ ಕರಗಿಹೋಗದೆ, ಪೊಟ್ಟಣವನ್ನು ನಿಜವಾಗಿ ಕೈಯಿಂದ ಎತ್ತಿದವಳವರೆಗೆ ಬರುವಂತೆ ಪಾಲಿಕೆಗಳು ಕರಾರು ಮಾಡಿಕೊಳ್ಳಬೇಕು. ಕೇಂದ್ರ ನಡೆಸುವವರ ಒಪ್ಪಂದವೂ ವರ್ಷವರ್ಷ ನವೀಕರಣಕ್ಕೆ ಅಲೆದಾಡಿಸದೆ ಐದು ವರ್ಷಗಳಿಗಾದರೂ ಸ್ಥಿರವಾಗಿರಬೇಕು. ನಾಳೆ ಇರುವೆನೋ ಇಲ್ಲವೋ ಎಂದು ಅರಿಯದವನು ಇಂದು ತಗಡಿಗೆ ಬಣ್ಣ ಬಳಿಯುವುದಿಲ್ಲ. ಎಲ್ಲ ಕೇಂದ್ರಗಳನ್ನೂ ಒಟ್ಟುಗೂಡಿಸಿ ಒಂದೇ ದೊಡ್ಡ ಟೆಂಡರಿನಲ್ಲಿ ಅತಿ ಕಡಿಮೆ ದರದವನಿಗೆ ವಹಿಸಿಬಿಡುವ ಆಲೋಚನೆಯೇನಾದರೂ ಇದ್ದಲ್ಲಿ, ಅದು ಹತ್ತು ವರ್ಷಗಳ ಸಾಮಾಜಿಕ ಸಾಧನೆಯನ್ನು ಒಂದು ಸಹಿಯಿಂದ ಅಳಿಸುವ ಕೆಲಸ.

ಓದುಗರಿಗೆ ಒಂದು ಮಾತು. ಹಾಲಿನ ಕವರನ್ನು ತೊಳೆದು ಒಣಗಿಸಿ ಚೀಲಕ್ಕೆ ಹಾಕುವುದು, ಒಡೆದ ಗಾಜನ್ನು ಕಾಗದದಲ್ಲಿ ಸುತ್ತಿ ಮೇಲೆ ಬರೆಯುವುದು, ಬ್ಯಾಟರಿಯನ್ನು ಬೇರೆ ಕೊಡುವುದು ಇವಿಷ್ಟನ್ನು ಮನೆಯಲ್ಲಿ ಮಾಡದೆ ಕೇಂದ್ರದ ಸ್ಥಿತಿಯನ್ನು ಟೀಕಿಸುವ ಅಧಿಕಾರ ನಮಗೆ ಅರೆಪಾಲೂ ಇಲ್ಲ.

ಐದು ಪಾಲಿಕೆಗಳ ಆಯುಕ್ತರಲ್ಲಿ ನನ್ನ ವಿನಂತಿ ಇಷ್ಟು. ಯಾವ ಕೇಂದ್ರದ ನವೀಕರಣಕ್ಕೂ ಅಂದಾಜುಪಟ್ಟಿ ಸಿದ್ಧವಾಗುವ ಮೊದಲು ಅದರ ನಕ್ಷೆಯನ್ನು ಕನ್ನಡದಲ್ಲಿಯೂ, ಅಲ್ಲಿ ದುಡಿಯುವವರು ಆಡುವ ತಮಿಳು, ತೆಲುಗು, ಉರ್ದುಗಳಲ್ಲಿಯೂ ವಿವರಿಸಿ, ಅದೇ ತಗಡಿನ ಕೆಳಗೆ ಸಭೆ ಸೇರಿಸಿ, ಮೇಜು ಎಲ್ಲಿರಬೇಕು, ನೀರು ಎಲ್ಲಿ ಬರಬೇಕು, ಲಾರಿ ಯಾವ ಕಡೆ ನಿಲ್ಲಬೇಕೆಂದು ಅವರನ್ನು ಕೇಳಿರಿ. ಅವರು ಒಪ್ಪಿ ಸಹಿಯನ್ನೋ ಹೆಬ್ಬೆಟ್ಟಿನ ಗುರುತನ್ನೋ ಹಾಕದ ನಕ್ಷೆಗೆ ಟೆಂಡರು ಕರೆಯಬೇಡಿರಿ.